ಕ್ಲಿಪ್ ಹಾಕಿದ ಹಲ್ಲು, ವಾರಕ್ಕೊಮ್ಮೆ ವಸಡು: ಮನೆಯಲ್ಲೇ ನೋಡಿಕೊಳ್ಳುವ ಕ್ರಮ

ಭಾನುವಾರ ಬೆಳಿಗ್ಗೆ ತಿಂಡಿ ಮುಗಿಸಿ, ಹಲ್ಲುಜ್ಜಿ ಅರ್ಧ ಗಂಟೆ ಆದ ಮೇಲೆ ಮಗಳು ಜಗಲಿಯ ಪೂರ್ವದ ಮೂಲೆಗೆ ಬಂದು ಕೂರುತ್ತಾಳೆ. ಕೈಯಲ್ಲಿ ಎರಡು ಸ್ಟೀಲ್ ಚಮಚ. ಚಮಚದ ಉಬ್ಬಿದ ಬೆನ್ನು ಕೆನ್ನೆಯ ಒಳಬದಿಗೆ ತಾಗುವ ಹಾಗೆ ಬಾಯಿಯ ಎರಡೂ ಮೂಲೆಗೆ ಇಟ್ಟು, ಮೆಲ್ಲಗೆ ಹೊರಗೆ ಎಳೆದು ಹಿಡಿಯುತ್ತಾಳೆ. ಹಲ್ಲು, ಕ್ಲಿಪ್ಪು, ವಸಡು ಎಲ್ಲ ಒಟ್ಟಿಗೆ ಕಾಣುತ್ತದೆ. ನಾನು ಫೋನಿನಲ್ಲಿ ಐದು ಫೋಟೋ ತೆಗೆಯುತ್ತೇನೆ. ಐದು ನಿಮಿಷದ ಕೆಲಸ. ಒಂಬತ್ತು ತಿಂಗಳಿಂದ ಒಂದು ಭಾನುವಾರವೂ ತಪ್ಪಿಲ್ಲ.

ನಾನು ಡಾಕ್ಟರ್ ಅಲ್ಲ. ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಅಡಿಕೆ ತೋಟ ನೋಡಿಕೊಂಡಿರುವವನು. ಮಗಳಿಗೆ ಹದಿನಾಲ್ಕು ವರ್ಷ, ಹಲ್ಲಿಗೆ ಕ್ಲಿಪ್ ಹಾಕಿಸಿ ಹದಿನಾರು ತಿಂಗಳಾಯಿತು. ಮೊದಲ ಏಳು ತಿಂಗಳು ನಾವು ಹಲ್ಲು ಮಾತ್ರ ನೋಡಿದೆವು, ವಸಡು ನೋಡಲಿಲ್ಲ. ಆಮೇಲೆ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಮನೆಯಲ್ಲಿ ಮಕ್ಕಳಿಗೋ ನಿಮಗೋ ಕ್ಲಿಪ್ ಇದ್ದರೆ ಮೊದಲ ವಾರದಿಂದಲೇ ಶುರು ಮಾಡಿ.

ಮುಖ್ಯವಾಗಿ ತಿಳಿಯಬೇಕಾದ್ದು ಒಂದು. ವಸಡು ಹಾಳಾಗುವಾಗ ನೋವಾಗುವುದಿಲ್ಲ. ಹುಳುಕು ಹಲ್ಲು ಒಂದು ದಿನ ರಾತ್ರಿ ಎಬ್ಬಿಸುತ್ತದೆ. ತಂತಿ ಬಿಗಿ ಮಾಡಿದ ಮೇಲೆ ಎರಡು ಮೂರು ದಿನ ಹಲ್ಲು ನೋಯುತ್ತದೆ. ವಸಡು ಮಾತ್ರ ಸುಮ್ನೆ ಕೆಂಪಾಗುತ್ತದೆ, ಊದುತ್ತದೆ, ಉಜ್ಜುವಾಗ ಒಂದು ಹನಿ ರಕ್ತ ಬಿಡುತ್ತದೆ. ಮಕ್ಕಳು ಬಾಯಿ ಮುಕ್ಕಳಿಸಿ ಉಗುಳಿ ಶಾಲೆಗೆ ಓಡುತ್ತಾರೆ. ಹಾಗಾಗಿ ಮನೆಯಲ್ಲಿ ಒಬ್ಬರು ಕಣ್ಣಿಟ್ಟು ನೋಡಲೇಬೇಕು.

ನಮ್ಮಲ್ಲಿ ಆದದ್ದು ಹೀಗೆ. ಮೊದಲು ಹೋಗುತ್ತಿದ್ದ ಕ್ಲಿನಿಕ್ಕಿನಲ್ಲಿ ತಿಂಗಳಿಗೊಮ್ಮೆ ತಂತಿ ಬದಲಿಸಿ, ಬಣ್ಣದ ರಬ್ಬರ್ ಹಾಕಿ ಕಳಿಸುತ್ತಿದ್ದರು. ವಸಡಿನ ಬಗ್ಗೆ ಒಂದು ಮಾತೂ ಬರಲಿಲ್ಲ, ನಾವೂ ಕೇಳಲಿಲ್ಲ. ಮಳೆಗಾಲದಲ್ಲಿ ತೋಟಕ್ಕೆ ಮದ್ದು ಬಿಡುವ ಗಡಿಬಿಡಿ, ಮಳೆ, ಅವಳ ಪರೀಕ್ಷೆ ಅಂತ ಎರಡು ಸಲ ಹೋಗುವುದೂ ತಪ್ಪಿತು. ಒಂದು ದಿನ ಅವಳು ನಗುವಾಗ ನೋಡುತ್ತೇನೆ, ಕೆಳಗಿನ ಮುಂದಿನ ನಾಲ್ಕು ಹಲ್ಲುಗಳ ನಡುವೆ ವಸಡು ನೇರಳೆ ಹಣ್ಣು ಕಚ್ಚಿದವರ ಹಾಗೆ ಕಡುಬಣ್ಣ. ಉಬ್ಬಿ ಬಂದು ಬ್ರಾಕೆಟಿನ, ಅಂದರೆ ತಂತಿ ಹಿಡಿಯಲು ಹಲ್ಲಿಗೆ ಅಂಟಿಸಿದ ಸಣ್ಣ ತುಂಡಿನ, ಕೆಳಗಿನ ಅಂಚನ್ನೇ ಮುಚ್ಚಿತ್ತು.

ಕಾಸರಗೋಡಿನಲ್ಲಿ ಬೇರೊಬ್ಬ ಡಾಕ್ಟರ ಹತ್ತಿರ ಹೋದೆವು. ಅವರು ನೋಡಿದ ಕೂಡಲೇ ಮಲಯಾಳದಲ್ಲಿ ‘ಮೋಣಯಿಲ್ ನೀರುಂಡ್’ ಅಂದರು. ಮೋಣ ಅಂದರೆ ವಸಡು, ನೀರು ಅಂದರೆ ಅವರ ಮಾತಿನಲ್ಲಿ ಊತ. ಗೀಟು ಹಾಕಿದ ಸಣ್ಣ ಕಡ್ಡಿಯಂಥ ಪ್ರೋಬನ್ನು ಹಲ್ಲಿಗೂ ವಸಡಿಗೂ ನಡುವೆ ಇಳಿಸಿ ಅಳೆದರು. ಮೂರು ಮಿಲಿಮೀಟರ್ ಒಳಗಿದ್ದರೆ ಸರಿ. ಅವಳಿಗೆ ಎರಡು ಕಡೆ ಐದು ಬಂತು, ಅಳೆದ ಕಡೆಯೆಲ್ಲ ರಕ್ತವೂ ಬಂತು. ಎಕ್ಸ್-ರೇಯಲ್ಲಿ ಮೂಳೆ ಚೆನ್ನಾಗಿತ್ತು. ವಸಡೇ ಊದಿ ಮೇಲೆ ಬಂದದ್ದರಿಂದ ಆಳ ಜಾಸ್ತಿ ತೋರಿಸಿದ್ದು, ಮೂಳೆ ಕರಗಿದ್ದಲ್ಲ ಅಂದರು. ಆದರೂ ಆರು ವಾರ ತಂತಿ ಬಿಗಿ ಮಾಡಲಿಲ್ಲ. ಊದಿದ ವಸಡಿನಲ್ಲಿ ಹಲ್ಲು ಎಳೆಯುತ್ತಾ ಹೋದರೆ, ಹಲ್ಲನ್ನು ಹಿಡಿದಿರುವ ಮೂಳೆಗೇ ಪೆಟ್ಟು ಬೀಳಬಹುದು. ವಸಡಿನ ಊತ ಪೂರ್ತಿ ಇಳಿಯುತ್ತದೆ, ಕರಗಿದ ಮೂಳೆ ಮಾತ್ರ ತನ್ನಷ್ಟಕ್ಕೆ ವಾಪಸ್ ಬರುವುದಿಲ್ಲ.

ಅಡಿಕೆಯವರಿಗೆ ಇದು ಬೇಗ ಅರ್ಥವಾದೀತು. ಕೊಳೆರೋಗಕ್ಕೆ ಮೈಲುತುತ್ತು ಸುಣ್ಣ ಬಿಡುವುದು ಮಳೆ ಹಿಡಿಯುವ ಮೊದಲು. ಎಳೆ ಅಡಿಕೆಯ ತೊಟ್ಟಿನ ಹತ್ತಿರ ನೀರು ಹಿಡಿದ ಹಾಗೆ ಕಲೆ ಕಂಡರೆ ಅವತ್ತೇ ಓಡುತ್ತೇವೆ. ಬುಡದಲ್ಲಿ ಅಡಿಕೆ ಉದುರಿ ರಾಶಿ ಬಿದ್ದ ಮೇಲೆ ನೋಡಿದರೆ ಏನು ಮಾಡುವುದು? ಹಲ್ಲಿನ ಕೊಳೆಯದ್ದೂ ಇದೇ ಲೆಕ್ಕ.

ಒಳ್ಳೆಯ ವಸಡು ಹೇಗಿರುತ್ತದೆ?

ಪುಸ್ತಕದಲ್ಲಿ ತಿಳಿ ಗುಲಾಬಿ ಅಂತ ಇರುತ್ತದೆ. ನಮ್ಮ ಕಡೆ ತುಂಬ ಜನರ ವಸಡು ಹುಟ್ಟಿನಿಂದಲೇ ಕಂದು, ಕೆಲವರದ್ದು ಅಲ್ಲಲ್ಲಿ ಕಪ್ಪು. ಅದು ರೋಗ ಅಲ್ಲ, ಮೈಬಣ್ಣದ ಹಾಗೆ. ಆದ್ದರಿಂದ ಪಕ್ಕದ ಮನೆಯ ಮಗುವಿನ ಬಾಯಿಯ ಜೊತೆ ಹೋಲಿಸಬೇಡಿ. ನಿಮ್ಮ ಮಗುವಿನ ಹೋದ ತಿಂಗಳ ಫೋಟೋ ಜೊತೆ ಹೋಲಿಸಿ. ಬಣ್ಣಕ್ಕಿಂತ ಆಕಾರ ಹೆಚ್ಚು ನಿಜ ಹೇಳುತ್ತದೆ. ಎರಡು ಹಲ್ಲಿನ ನಡುವೆ ವಸಡು ತೆಳ್ಳಗೆ, ಚೂಪಾಗಿ, ಹಲ್ಲಿಗೆ ಅಂಟಿಕೊಂಡು ಇರಬೇಕು. ಊದಿದರೆ ಆ ಚೂಪು ತುದಿ ಉಂಡೆಯಾಗುತ್ತದೆ. ಒರೆಸಿ ನೋಡಿದರೆ ಗಟ್ಟಿ ವಸಡಿನ ಮೇಲೆ ಕೆಲವರಲ್ಲಿ ಕಿತ್ತಳೆ ಸಿಪ್ಪೆಯಂಥ ಸಣ್ಣ ಚುಕ್ಕಿಗಳು ಕಾಣುತ್ತವೆ. ಊದಿದಾಗ ಅವು ಮಾಯ. ವಸಡು ನುಣ್ಣಗೆ, ಎಣ್ಣೆ ಸವರಿದ ಹಾಗೆ ಹೊಳೆಯುತ್ತದೆ.

ಇನ್ನೊಂದು ಬದಲಾವಣೆ ಇದಕ್ಕೆ ಪೂರ್ತಿ ಉಲ್ಟಾ. ವಸಡು ಊದುವ ಬದಲು ಕೆಳಗೆ ಸರಿಯುವುದು. ಒಂದು ಹಲ್ಲು ಮಾತ್ರ ಪಕ್ಕದ ಹಲ್ಲಿಗಿಂತ ಉದ್ದ ಕಾಣಲು ಶುರುವಾದರೆ, ಬುಡದಲ್ಲಿ ಹಳದಿ ಬಣ್ಣ ಕಂಡರೆ, ಬೇರು ಹೊರಗೆ ಬರುತ್ತಿದೆ ಅಂತ ಅರ್ಥ. ಕೆಳಗಿನ ಮುಂದಿನ ಹಲ್ಲುಗಳಲ್ಲಿ ಇದನ್ನು ವಿಶೇಷವಾಗಿ ನೋಡಿ. ಸರಿದ ವಸಡು ತಾನಾಗಿ ಮೇಲೆ ಬರುವುದಿಲ್ಲ. ಮುಂದಿನ ತಾರೀಖಿನವರೆಗೆ ಕಾಯದೆ ಫೋಟೋ ತೋರಿಸಿ.

ಫೋಟೋ ತೆಗೆಯುವಾಗ

ಹಗಲು ಬೆಳಕಿನಲ್ಲೇ ತೆಗೆಯಿರಿ. ಫ್ಲ್ಯಾಶ್ ಹಾಕಿದರೆ ಕೆಂಪೆಲ್ಲ ಬಿಳಿಚಿ ಹೋಗುತ್ತದೆ, ಒದ್ದೆ ವಸಡು ಸುಮ್ನೆ ಹೊಳೆಯುತ್ತದೆ. ಹಳದಿ ಬಲ್ಬಿನ ಕೆಳಗೆ ಎಲ್ಲವೂ ಕೆಂಪೇ. ಆಟಿ ತಿಂಗಳ ಮಳೆಯಲ್ಲಿ ಹಗಲೇ ಕತ್ತಲಾಗಿ ಕರೆಂಟೂ ಹೋದಾಗ ನಾವು ಬಿಳಿ ಬೆಳಕಿನ ಎಮರ್ಜೆನ್ಸಿ ಲೈಟನ್ನು ಒಂದು ಮೊಳ ದೂರದಲ್ಲಿ, ಪ್ರತಿ ಸಲ ಅದೇ ಬದಿಯಲ್ಲಿ ಇಟ್ಟು ತೆಗೆದಿದ್ದೇವೆ. ಜಾಗ, ಬೆಳಕು, ದೂರ ಪ್ರತಿ ವಾರ ಒಂದೇ ಇದ್ದರೆ ಮಾತ್ರ ಹೋಲಿಸಬಹುದು. ಹಲ್ಲು ಕಚ್ಚಿ ಎದುರಿನಿಂದ ಒಂದು, ಬಲದಿಂದ ಒಂದು, ಎಡದಿಂದ ಒಂದು. ಬಾಯಿ ತೆರೆದು ಮೇಲಿನ ಸಾಲು, ಕೆಳಗಿನ ಸಾಲು. ಉಜ್ಜಿದ ಕೂಡಲೇ ತೆಗೆದರೆ ಬ್ರಷ್ ತಾಗಿ ಕೆಂಪಾದದ್ದೂ ರೋಗದ ಹಾಗೆ ಕಾಣುತ್ತದೆ. ಅದಕ್ಕೇ ಅರ್ಧ ಗಂಟೆ.

ಹದಿನಾಲ್ಕು ವರ್ಷದ ಹುಡುಗಿ, ಬಾಯಿ ಎಳೆದುಕೊಂಡ ಫೋಟೋ ಯಾರಿಗೂ ಕಾಣಬಾರದು ಅಂದಳು. ಸರಿಯಾದ ಮಾತೇ. ಪ್ರತ್ಯೇಕ ಫೋಲ್ಡರಿನಲ್ಲಿ ಇಟ್ಟಿದ್ದೇವೆ. ಡಾಕ್ಟರಿಗೆ ಬಿಟ್ಟು ಬೇರೆ ಯಾರಿಗೂ ಹೋಗುವುದಿಲ್ಲ.

ರಕ್ತದ ಲೆಕ್ಕ

ಫೋಟೋಕ್ಕಿಂತ ಮೊದಲೇ ಸುದ್ದಿ ಕೊಡುವುದು ರಕ್ತ. ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಅದರ ಲೆಕ್ಕ ಇಡುತ್ತೇವೆ. ಬಾಯಿಯನ್ನು ಆರು ಭಾಗ ಮಾಡಿ: ಮೇಲೆ ಬಲ, ಮುಂದೆ, ಎಡ. ಕೆಳಗೂ ಹಾಗೆಯೇ. ರಾತ್ರಿ ಉಜ್ಜುವಾಗ ಯಾವ ಭಾಗದಲ್ಲಿ ರಕ್ತ ಕಂಡಿತೋ ಅಲ್ಲಿಗೆ ಒಂದು ಚುಕ್ಕಿ. ಪೇಸ್ಟಿನ ನೊರೆ ಬಿಳಿ ಇದ್ದರೆ ರಕ್ತ ಚೆನ್ನಾಗಿ ಕಾಣುತ್ತದೆ, ಕೆಂಪು ಜೆಲ್ ಪೇಸ್ಟಿನಲ್ಲಿ ಗೊತ್ತೇ ಆಗುವುದಿಲ್ಲ. ನಾವು ಬಿಳಿ ಪೇಸ್ಟಿಗೆ ಬದಲಾಯಿಸಿದೆವು.

ಮೂರು ವಾರ ಕಳೆಯುವಾಗ ಕ್ಯಾಲೆಂಡರೇ ಮಾತಾಡಿತು. ಮಗಳು ಬಲಗೈಯವಳು. ಚುಕ್ಕಿಗಳೆಲ್ಲ ಬಲಬದಿಯ ಕೋರೆಹಲ್ಲಿನ ತಿರುವಿನಲ್ಲಿ! ಬ್ರಷ್ ಹಿಡಿದ ಕೈ ಅಲ್ಲಿ ದಿಕ್ಕು ಬದಲಿಸಬೇಕು. ಬದಲಿಸುವಾಗ ಎರಡು ಹಲ್ಲು ಹಾರಿ ಹೋಗುತ್ತಿತ್ತು. ಈಗ ಅವಳು ಉಜ್ಜಲು ಶುರು ಮಾಡುವುದೇ ಆ ತಿರುವಿನಿಂದ.

ಇಲ್ಲಿ ನನ್ನ ಅಮ್ಮನ ಮಾತೊಂದು ಹೇಳಬೇಕು. ‘ನೆತ್ತರು ಬರ್ತದಲ್ಲಾ, ಎರಡು ದಿನ ಆ ಬದಿ ಬಿಟ್ಟುಬಿಡು ಮಗಾ’ ಅಂತ ಮೊಮ್ಮಗಳಿಗೆ ಹೇಳಿದ್ದರು. ಪ್ರೀತಿಯಿಂದ ಹೇಳಿದ್ದು. ಗಾಯಕ್ಕೆ ಆ ಮಾತು ಸರಿ, ವಸಡಿಗೆ ತಪ್ಪು. ಅಲ್ಲಿ ಕೊಳೆ ನಿಂತದ್ದರಿಂದಲೇ ರಕ್ತ ಬರುವುದು. ಬಿಟ್ಟರೆ ಕೊಳೆ ಜಾಸ್ತಿ, ರಕ್ತವೂ ಜಾಸ್ತಿ. ರಕ್ತ ಬಂದ ಜಾಗವನ್ನೇ ಮೃದು ಬ್ರಷ್ಷಿನಿಂದ ಮೆಲ್ಲಗೆ, ಹೆಚ್ಚು ಹೊತ್ತು ಉಜ್ಜಬೇಕು. ಒಂದೆರಡು ವಾರದಲ್ಲಿ ಚುಕ್ಕಿ ಕಡಿಮೆ ಆಗುತ್ತಾ ಬರಬೇಕು. ಎರಡು ವಾರ ಸರಿಯಾಗಿ ಉಜ್ಜಿಯೂ ನಿಲ್ಲದಿದ್ದರೆ ಡಾಕ್ಟರ ಹತ್ತಿರ ಹೋಗಿ. ಬ್ರಷ್ ತೆಗೆಯಲಾರದ ಗಾರೆ, ಅಂದರೆ ಕಲ್ಲಿನ ಹಾಗೆ ಗಟ್ಟಿಯಾದ ಕೊಳೆ, ಒಳಗೆ ಕೂತಿರಬಹುದು.

ಫೋಟೋ ವಾರಕ್ಕೊಮ್ಮೆಯೇ ಯಾಕೆ ಅಂತ ಕೇಳಬಹುದು. 1965ರಲ್ಲಿ ಹರಾಲ್ಡ್ ಲೋ ಮತ್ತು ಜೊತೆಗಾರರು ಡೆನ್ಮಾರ್ಕಿನಲ್ಲಿ ಮಾಡಿದ ಒಂದು ಪ್ರಯೋಗ ಇದೆ. ವಸಡು ಚೆನ್ನಾಗಿದ್ದ 12 ಜನ ಹಲ್ಲುಜ್ಜುವುದನ್ನೇ ನಿಲ್ಲಿಸಿದರು. 10ರಿಂದ 21 ದಿನದೊಳಗೆ ಅಷ್ಟೂ ಜನರ ವಸಡು ಊದಿತು. ಮತ್ತೆ ಉಜ್ಜಲು ಶುರು ಮಾಡಿದ ಮೇಲೆ ಒಂದು ವಾರದ ಆಸುಪಾಸಿನಲ್ಲಿ ಸರಿಯಾಯಿತು. ಅವರ ಹಲ್ಲಿನಲ್ಲಿ ಕ್ಲಿಪ್ ಇರಲಿಲ್ಲ ಅಂತ ನೆನಪಿಡಿ. ತಿಂಗಳಿಗೊಮ್ಮೆ ಡಾಕ್ಟರು ನೋಡುವುದನ್ನೇ ನಂಬಿ ಕೂತರೆ, ನಡುವಿನ ನಾಲ್ಕು ವಾರದಲ್ಲಿ ಊದಲು ಬೇಕಾದಷ್ಟು ಸಮಯ ಇದೆ.

ಉಜ್ಜುವ ಕ್ರಮ

ಬ್ರಾಕೆಟ್ ಅಂದರೆ ಹಲ್ಲಿನ ಮೇಲೆ ಒಂದು ಕಟ್ಟೆ ಕಟ್ಟಿದ ಹಾಗೆ. ಕಟ್ಟೆಗೂ ವಸಡಿಗೂ ನಡುವೆ ಎರಡು ಮೂರು ಮಿಲಿಮೀಟರಿನ ಪಟ್ಟಿ ಉಳಿಯುತ್ತದೆ. ಕೊಳೆ ನಿಲ್ಲುವುದು ಅಲ್ಲೇ. ಬ್ರಷ್ಷನ್ನು ನೇರ ಹಿಡಿದು ಉಜ್ಜಿದರೆ ಕೂದಲು ಬ್ರಾಕೆಟಿನ ಮೇಲೆಯೇ ಆಡುತ್ತದೆ, ಪಟ್ಟಿಗೆ ಇಳಿಯುವುದೇ ಇಲ್ಲ. ಅದಕ್ಕೇ ಮೊದಲು ಬ್ರಷ್ಷನ್ನು 45 ಡಿಗ್ರಿ ಓರೆ ಮಾಡಿ ವಸಡಿನ ಅಂಚಿಗೆ ತಾಗಿಸಿ. ಇದ್ದಲ್ಲೇ ಸಣ್ಣಗೆ ಅಲ್ಲಾಡಿಸಿ, ಹತ್ತು ಎಣಿಸಿ, ಮುಂದಿನ ಎರಡು ಹಲ್ಲಿಗೆ ಹೋಗಿ. ಒಂದು ಸುತ್ತು ಮುಗಿದ ಮೇಲೆ ಬ್ರಾಕೆಟಿನ ಇನ್ನೊಂದು ಬದಿ, ಅಂದರೆ ಕಚ್ಚುವ ಅಂಚಿನ ಕಡೆಯಿಂದ ಓರೆ ಹಿಡಿದು ಇನ್ನೊಂದು ಸುತ್ತು. ಆಮೇಲೆ ಒಳಬದಿ, ಜಗಿಯುವ ಮೇಲ್ಮೈ. ಕ್ಲಿಪ್ ಇಲ್ಲದವರಿಗೆ ಎರಡು ನಿಮಿಷ ಸಾಕು. ಇವಳಿಗೆ ಐದು ನಿಮಿಷ ಬೇಕು. ಗಟ್ಟಿ ಒತ್ತಿದರೆ ಬೇಗ ಆಗುತ್ತದೆ ಅಂದುಕೊಳ್ಳಬೇಡಿ, ಒತ್ತಿದರೆ ವಸಡು ಸವೆಯುತ್ತದೆ. ಬ್ರಷ್ಷಿನ ಕೂದಲು ಹರಡಿದ ದಿನವೇ ಬದಲಿಸಿ. ಸಾಮಾನ್ಯವಾಗಿ ಮೂರು ತಿಂಗಳು ಅನ್ನುತ್ತಾರೆ, ತಂತಿಗೆ ತಾಗಿ ತಾಗಿ ಅಷ್ಟು ಬಾಳುವುದಿಲ್ಲ.

ನಮಗೆ ಹೆಚ್ಚು ಪ್ರಯೋಜನಕ್ಕೆ ಬಂದದ್ದು ಇಂಟರ್‌ಡೆಂಟಲ್ ಬ್ರಷ್. ಬಾಟ್ಲಿ ತೊಳೆಯುವ ಬ್ರಷ್ಷನ್ನು ಬೆಂಕಿಕಡ್ಡಿಯಷ್ಟು ಸಣ್ಣ ಮಾಡಿದ ಹಾಗೆ ಇರುತ್ತದೆ. ತಂತಿಯ ಹಿಂದೆ ಮೇಲಿಂದ ತೂರಿಸಿ ಬ್ರಾಕೆಟಿನ ಬದಿಯನ್ನು ಉಜ್ಜುವುದು, ಆಮೇಲೆ ಕೆಳಗಿಂದ. ಸಲೀಸಾಗಿ ಹೋಗುವ ಅಳತೆಯದ್ದೇ ತೆಗೆದುಕೊಳ್ಳಿ. ತಳ್ಳಿ ತುರುಕಬೇಡಿ. ಎರಡು ಹಲ್ಲಿನ ನಡುವೆ ಹೋಗಲು ಫ್ಲಾಸ್, ಅಂದರೆ ಹಲ್ಲಿನ ಸಂದಿ ಉಜ್ಜುವ ನೂಲು, ಬೇಕು. ತಂತಿ ಅಡ್ಡ ಇರುವುದರಿಂದ ಸೂಜಿಗೆ ನೂಲು ಪೋಣಿಸಿದ ಹಾಗೆ ಥ್ರೆಡರ್ ಅನ್ನುವ ಪ್ಲಾಸ್ಟಿಕ್ ಕುಣಿಕೆಯಲ್ಲಿ ಅದನ್ನು ತಂತಿಯ ಕೆಳಗೆ ದಾಟಿಸಬೇಕು. ಒಂದು ತುದಿ ಗಟ್ಟಿ ಇರುವ ಫ್ಲಾಸೂ ಸಿಗುತ್ತದೆ. ಮೊದಲ ದಿನ ಅವಳಿಗೆ ಇಪ್ಪತ್ತೈದು ನಿಮಿಷ ಹಿಡಿಯಿತು, ಅತ್ತಳು. ಈಗ ಏಳೆಂಟು ನಿಮಿಷ. ಶುರುವಿನಲ್ಲಿ ಒಂದು ರಾತ್ರಿ ಮೇಲಿನ ಸಾಲು, ಮರುರಾತ್ರಿ ಕೆಳಗಿನ ಸಾಲು ಅಂತ ಮಾಡಿಕೊಟ್ಟೆವು. ಪೂರ್ತಿ ಬಿಡುವುದಕ್ಕಿಂತ ಅದು ಒಳ್ಳೆಯದು. ನೀರು ಚಿಮ್ಮುವ ಯಂತ್ರ ಅನ್ನದ ಅಗುಳು ತೆಗೆಯುತ್ತದೆ, ಅಂಟಿದ ಕೊಳೆಗೆ ಬ್ರಷ್ಷೇ ಬೇಕು.

ಕೊನೆಯ ದವಡೆ ಹಲ್ಲಿಗೆ ಕೆಲವರಿಗೆ ಉಂಗುರದಂಥ ಬ್ಯಾಂಡ್ ಹಾಕಿರುತ್ತಾರೆ. ಅದರ ಅಂಚು ವಸಡಿನ ಹತ್ತಿರವೇ ಇರುವುದರಿಂದ ಕೊಳೆಗೆ ಅದೊಂದು ಖಾಯಂ ಜಾಗ. ಬಾಯಿ ಅರ್ಧ ಮುಚ್ಚಿದರೆ ಕೆನ್ನೆ ಸಡಿಲವಾಗಿ ಬ್ರಷ್ ಅಲ್ಲಿಗೆ ತಲುಪುತ್ತದೆ.

ಸರಿಯಾಗಿ ಉಜ್ಜಿದ್ದೇವಾ ಅಂತ ತಿಳಿಯಲು ಕೊಳೆಗೆ ಬಣ್ಣ ಹಿಡಿಸುವ ಮಾತ್ರೆ ಇದೆ. ಡಿಸ್‌ಕ್ಲೋಸಿಂಗ್ ಟ್ಯಾಬ್ಲೆಟ್ ಅಂತ ಡಾಕ್ಟರ ಹತ್ತಿರ ಕೇಳಿ. ಜಗಿದು ಉಗುಳಿದರೆ ಕೊಳೆ ಇರುವಲ್ಲಿ ಮಾತ್ರ ಕೆಂಪು ಉಳಿಯುತ್ತದೆ. ಮಗಳು ಕನ್ನಡಿಯಲ್ಲಿ ನೋಡಿ ‘ಅಪ್ಪಾ, ಇಷ್ಟು ಉಜ್ಜಿಯೂ ಇಷ್ಟು ಉಂಟಾ?’ ಅಂದಳು. ನನ್ನ ನೂರು ಮಾತು ಮಾಡದ್ದನ್ನು ಆ ಒಂದು ಮಾತ್ರೆ ಮಾಡಿತು. ತಿಂಗಳಿಗೊಮ್ಮೆ ಸಾಕು, ಶನಿವಾರ ರಾತ್ರಿ ಒಳ್ಳೆಯದು, ತುಟಿಯ ಬಣ್ಣ ಹೋಗಲು ಸ್ವಲ್ಪ ಹೊತ್ತು ಬೇಕು.

ಪೇಸ್ಟಿನಲ್ಲಿ ಫ್ಲೋರೈಡ್ ಇರಲಿ. ಬ್ರಾಕೆಟಿನ ಸುತ್ತ ಸುಣ್ಣ ಹಚ್ಚಿದಂಥ ಮಾಸಲು ಬಿಳಿ ಕಲೆ ಬಂದರೆ ಹಲ್ಲಿನ ಮೇಲ್ಪದರ ಕರಗುತ್ತಿದೆ ಅಂತ. ಕೊಳೆ ನಿಂತರೆ ನಾಲ್ಕೇ ವಾರದಲ್ಲಿ ಬರಬಹುದು. ವಸಡಿನ ಫೋಟೋದಲ್ಲಿ ಅದೂ ಸಿಕ್ಕಿಬೀಳುತ್ತದೆ. ನಮ್ಮ ಕಡೆಯ ಹಳೇ ಉಮಿಕರಿ, ಅಂದರೆ ಭತ್ತದ ಹೊಟ್ಟು ಸುಟ್ಟ ಮಸಿ, ಕ್ಲಿಪ್ ಇರುವಷ್ಟು ದಿನ ಬೇಡವೇ ಬೇಡ. ತರಿ ತರಿ ಇರುವುದರಿಂದ ಹಲ್ಲನ್ನೂ ವಸಡನ್ನೂ ಸವೆಸುತ್ತದೆ, ಬ್ರಾಕೆಟಿನ ಸಂದಿಯಲ್ಲಿ ಕೂತರೆ ತೆಗೆಯುವುದೂ ಕಷ್ಟ.

ಮೌತ್‌ವಾಶ್ ವಿಷಯದಲ್ಲಿ ಜಾಗ್ರತೆ. ಊತ ಇದ್ದಾಗ ಡಾಕ್ಟರು ಕ್ಲೋರ್‌ಹೆಕ್ಸಿಡಿನ್ ಕೊಡುತ್ತಾರೆ. ಅವರು ಹೇಳಿದಷ್ಟೇ ದಿನ ಬಳಸಿ. ಜಾಸ್ತಿ ದಿನ ಬಳಸಿದರೆ ಹಲ್ಲಿಗೆ ಕಂದು ಕಲೆ ಹಿಡಿಯುತ್ತದೆ, ನಾಲಗೆಯ ರುಚಿ ಕೆಡುತ್ತದೆ. ಪೇಸ್ಟ್ ಹಾಕಿ ಉಜ್ಜಿದ ಕೂಡಲೇ ಬಳಸಿದರೆ ಅದರ ಶಕ್ತಿ ಕಡಿಮೆಯಾಗುತ್ತದೆ, ಅರ್ಧ ಗಂಟೆ ಬಿಡಿ.

ತಿಂಡಿಯಲ್ಲಿ ಗಟ್ಟಿಯದ್ದು ಬ್ರಾಕೆಟ್ ಕೀಳುತ್ತದೆ, ಅಂಟಿನದ್ದು ವಸಡು ಕೆಡಿಸುತ್ತದೆ. ಚಕ್ಕುಲಿ, ಬಾಳೆಕಾಯಿ ಚಿಪ್ಸ್, ಕಡಲೆ ಚಿಕ್ಕಿ ಬಿಟ್ಟಿದ್ದಾಳೆ. ಮಧೂರು ದೇವಸ್ಥಾನದ ಪ್ರಸಾದದ ಸಿಹಿ ಅಪ್ಪ ತಿನ್ನದೆ ಇರಲು ಆಗುತ್ತದಾ? ತಿಂದ ಕೂಡಲೇ ನೀರು ಹಾಕಿ ಮುಕ್ಕಳಿಸುತ್ತಾಳೆ.

ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಬೇಡ

ಕೆನ್ನೆಯ ಒಳಗೆ, ತುಟಿಯ ಒಳಗೆ ಬಿಳಿ ಹುಣ್ಣು ಬಂದರೆ ಅದು ಸಾಮಾನ್ಯವಾಗಿ ಬ್ರಾಕೆಟ್ ಉಜ್ಜಿ ಆದದ್ದು. ಉಜ್ಜುವ ಬ್ರಾಕೆಟಿನ ಮೇಲೆ ಕ್ಲಿಪ್ಪಿಗೆಂದೇ ಇರುವ ಮೇಣ ಹಚ್ಚಿ, ಉಪ್ಪುನೀರಿನಲ್ಲಿ ಮುಕ್ಕಳಿಸಿ. ಹಲ್ಲು ಸ್ವಲ್ಪ ಅಲ್ಲಾಡುವುದೂ ಸಹಜ, ಸರಿಯುವ ಹಲ್ಲು ಅಲ್ಲಾಡಲೇಬೇಕು. ಆದರೆ ಒಂದೇ ಹಲ್ಲು ಉಳಿದವಕ್ಕಿಂತ ತುಂಬ ಅಲ್ಲಾಡಿದರೆ, ವಸಡು ಒತ್ತಿದಾಗ ಕೀವು ಬಂದರೆ, ಉಜ್ಜಿದ ಮೇಲೂ ಬಾಯಿ ವಾಸನೆ ಬಿಡದಿದ್ದರೆ, ಫೋನ್ ಮಾಡಿ ಆ ವಾರವೇ ಹೋಗಿ.

ಒಂದು ವಿಷಯದಲ್ಲಿ ಮಾತ್ರ ಹಲ್ಲಿನ ಡಾಕ್ಟರಿಗಾಗಿ ಕಾಯಬೇಡಿ. ಜ್ವರ ಇದ್ದು, ಉಜ್ಜದೆಯೂ ವಸಡಿನಿಂದ ರಕ್ತ ಬಂದರೆ ನೇರ ಆಸ್ಪತ್ರೆಗೆ ಹೋಗಿ. ಮಳೆಗಾಲದಲ್ಲಿ ಡೆಂಗಿ ನಮ್ಮ ತೋಟಗಳ ಕಡೆ ಬರುತ್ತಲೇ ಇರುತ್ತದೆ, ವಸಡಿನ ರಕ್ತ ಅದರ ಅಪಾಯದ ಸೂಚನೆಗಳಲ್ಲಿ ಒಂದು. ಕ್ಲಿಪ್ಪಿನಿಂದ ಆಗಿರಬೇಕು ಅಂತ ಬಿಟ್ಟರೆ ಅನಾಹುತ.

ಮಕ್ಕಳಿಗೆ ಹದಿಹರೆಯದ ಹಾರ್ಮೋನಿನಿಂದಲೂ ವಸಡು ಬೇಗ ಊದುತ್ತದೆ. ಫಿಟ್ಸಿಗೆ ಫೆನಿಟಾಯಿನ್ ಮಾತ್ರೆ, ಬಿಪಿಗೆ ಆಮ್ಲೋಡಿಪಿನ್‌ನಂಥ ಮಾತ್ರೆ ತೆಗೆದುಕೊಳ್ಳುವವರಲ್ಲಿ ವಸಡು ಬೆಳೆಯಬಹುದು. ಮಾತ್ರೆ ನಿಲ್ಲಿಸಬೇಡಿ, ಡಾಕ್ಟರಿಗೆ ಹೇಳಿ. ದೊಡ್ಡವರು ಕ್ಲಿಪ್ ಹಾಕಿಸುವಾಗ ಸಕ್ಕರೆ ಕಾಯಿಲೆ ಇದ್ದರೆ ಮುಚ್ಚಿಡಬೇಡಿ. ಬೀಡಿ ಸಿಗರೇಟು ಸೇದುವವರಿಗೆ ಇನ್ನೊಂದು ತೊಂದರೆ. ಒಳಗೆ ಮೂಳೆ ಕರಗುತ್ತಿದ್ದರೂ ಅವರ ವಸಡಿನಲ್ಲಿ ರಕ್ತ ಅಷ್ಟಾಗಿ ಬರುವುದಿಲ್ಲ. ಅಂಥವರು ರಕ್ತದ ಲೆಕ್ಕ ನಂಬದೆ ಪ್ರೋಬಿನ ಅಳತೆಯನ್ನೇ ನಂಬಬೇಕು.

ತಂತಿ ಬದಲಿಸುವ ದಿನ ಕುರ್ಚಿಯಲ್ಲಿ ಕೂತ ಕೂಡಲೇ ಕೇಳಿ: ವಸಡು ಹೇಗಿದೆ, ಪ್ರೋಬ್ ಹಾಕಿ ನೋಡುತ್ತೀರಾ, ಎಲ್ಲಿ ರಕ್ತ ಬಂತು? ಕೇಳಲು ಸಂಕೋಚ ಬೇಡ. ಹಳೆಯ ತಂತಿ ತೆಗೆದು ಹೊಸದು ಹಾಕುವ ನಡುವೆ ಹಲ್ಲು ಬಿಡುವಾಗಿರುತ್ತದೆ, ಕ್ಲೀನ್ ಮಾಡಲು ಅದೇ ಒಳ್ಳೆಯ ಸಮಯ. ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ ಅನ್ನುವ ಮಾತು ನಮ್ಮ ಊರಿನಲ್ಲಿ ತುಂಬ ಇದೆ. ಸುಳ್ಳು. ಹಲ್ಲಿನ ನಡುವೆ ತುಂಬಿದ್ದ ಗಾರೆ ಹೋದಾಗ ಸಂದಿ ಕಾಣುತ್ತದೆ, ಅಷ್ಟೇ.

ಆರು ವಾರ ಕಳೆದು ಮತ್ತೆ ಅಳೆದಾಗ ಮಗಳಿಗೆ ಐದು ಇದ್ದಲ್ಲಿ ಮೂರು ಬಂತು. ಅವತ್ತೇ ತಂತಿ ಬಿಗಿ ಮಾಡಿದರು. ಇನ್ನು ಕೆಲವು ತಿಂಗಳಲ್ಲಿ ಕ್ಲಿಪ್ ತೆಗೆಯಬಹುದು. ತೆಗೆದ ಮೇಲೆ ಕೆಳಗಿನ ಮುಂದಿನ ಹಲ್ಲುಗಳ ಹಿಂದೆ, ನಾಲಗೆಯ ಬದಿಗೆ, ಸಣ್ಣ ತಂತಿಯೊಂದನ್ನು ಅಂಟಿಸುತ್ತಾರಂತೆ, ಸರಿದ ಹಲ್ಲು ವಾಪಸ್ ಹೋಗದ ಹಾಗೆ. ಬಾಯಿಯಲ್ಲಿ ಗಾರೆ ಬೇಗ ಕಟ್ಟುವ ಜಾಗವೂ ಅದೇ. ಹಾಗಾಗಿ ಈ ತಿಂಗಳಿಂದ ಆರನೇ ಫೋಟೋ ಶುರು ಮಾಡಿದ್ದೇವೆ. ಹಲ್ಲು ನೋಡುವ ಸಣ್ಣ ಕನ್ನಡಿ ನಾಲಗೆಯ ಮೇಲೆ ಇಟ್ಟ ಕೂಡಲೇ ಉಸಿರಿಗೆ ಮಂಜು ಹಿಡಿಯುತ್ತಿತ್ತು. ಇಡುವ ಮೊದಲು ಒಂದು ನಿಮಿಷ ಬಿಸಿನೀರಿನಲ್ಲಿ ಅದ್ದಿ ಒರೆಸಿ, ಆಗ ಹಿಡಿಯುವುದಿಲ್ಲ.